ಲಿಲ್ಲಿ ಗೆಡ್ಡೆ ಎಲೆ ಬಿಡ್ತು, ಮೊಗ್ಗು ಯಾಕೆ ಬರ್ಲಿಲ್ಲ? ದಿನ ಹಿಂದಕ್ಕೆ ಎಣಿಸಿ ದೋಷ ಹುಡುಕೋ ಕ್ರಮ

ಎರಡು ವರ್ಷದ ಹಿಂದೆ ಅಕ್ಟೋಬರ್ ಕೊನೇಲಿ ಹನ್ನೆರಡು ಲಿಲ್ಲಿ ಗೆಡ್ಡೆ ಆನ್‌ಲೈನಲ್ಲಿ ತರಿಸ್ದೆ. ಬೆಂಗಳೂರಲ್ಲಿ ನಮ್ಮದು ಎರಡನೇ ಮಹಡಿ ಟೆರೇಸ್, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತೆ, ಸೇವಂತಿಗೆ ಗುಲಾಬಿ ಎರಡೂ ಒಗ್ಗಿರೋ ಜಾಗ. ಒಂದು ಗೆಡ್ಡೆ ಕೊಳೀತು, ಉಳಿದ ಹನ್ನೊಂದೂ ಮೊಳಕೆ ಬಂತು. ಅದರಲ್ಲಿ ಹೂವಾಗಿದ್ದು ನಾಲ್ಕೇ ನಾಲ್ಕು. ಮೂರು ಗಿಡ ಹಸಿರಾಗಿ ಗಟ್ಟಿಯಾಗಿ ನಿಂತು ಕೊನೇವರೆಗೂ ಮೊಗ್ಗು ತೋರಿಸ್ಲೇ ಇಲ್ಲ, ಇನ್ನು ನಾಲ್ಕರಲ್ಲಿ ಮೊಗ್ಗು ಕಾಣಿಸ್ಕೊಂಡು ಹೆಸರುಕಾಳಿಗಿಂತ ಸ್ವಲ್ಪ ದಪ್ಪ ಆಗಿ ಬೆಳ್ಳಗೆ ತಿರುಗಿ ಉದುರಿಹೋಯ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡೋದೇ. ಎರೆಗೊಬ್ಬರ ಹಾಕ್ದೆ, ಪೊಟ್ಯಾಷ್ ಕೊಟ್ಟೆ, ಪಾಟ್ ಜಾಗ ಬದಲಾಯಿಸ್ದೆ. ಒಂದೂ ಕೆಲಸಕ್ಕೆ ಬರ್ಲಿಲ್ಲ, ಯಾಕಂದ್ರೆ ತಪ್ಪು ಆಗಿದ್ದು ಆ ವಾರ ಅಲ್ಲ. ಲಿಲ್ಲಿಯಲ್ಲಿ ಮೊಗ್ಗು ಹುಟ್ಟೋ ದಿನ ಬೇರೆ, ಮೊಗ್ಗು ಕಣ್ಣಿಗೆ ಬೀಳೋ ದಿನ ಬೇರೆ, ನಡುವೆ ವಾರಗಟ್ಟಲೆ ಅಂತರ ಇರುತ್ತೆ, ಕೆಲವು ಜಾತೀಲಿ ಒಂದು ವರ್ಷಾನೇ ಇರುತ್ತೆ. ಹಾಗಾಗಿ ಇವತ್ತು ಗಿಡ ನೋಡಿ ಇವತ್ತಿನ ಕಾರಣ ಹುಡುಕೋಕೆ ಹೋದ್ರೆ ಸಿಗಲ್ಲ, ಕ್ಯಾಲೆಂಡರ್ ತಗೊಂಡು ಹಿಂದಕ್ಕೆ ಎಣಿಸ್ಬೇಕು. ಕೆಳಗೆ ಬರೆದಿರೋದೆಲ್ಲ ಆ ಲೆಕ್ಕದ ಮೇಲೇನೇ ನಿಂತಿರೋದು.

ಮೊದಲು, ನಿಮ್ಮ ಹತ್ರ ಇರೋದು ಯಾವ ಲಿಲ್ಲಿ?

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ನಮ್ಮ ಕಡೆ ಗೆಡ್ಡೆಯಿಂದ ಹೂ ಬರೋದನ್ನೆಲ್ಲ ಲಿಲ್ಲಿ ಅಂತಾನೇ ಕರೀತೀವಿ. ಸಕಲೇಶಪುರದ ಅಮ್ಮನ ಮನೆ ಅಂಗಳದಲ್ಲಿ ಏಪ್ರಿಲ್ ಮಳೆ ಬಿದ್ದ ಮೇಲೆ ಕೆಂಪಗೆ ತುತ್ತೂರಿ ಥರ ಅರಳುತ್ತಲ್ಲ, ಅದು ಅಮರಿಲ್ಲಿಸ್, ಸಸ್ಯಶಾಸ್ತ್ರದ ಹೆಸರು ಹಿಪಿಯಾಸ್ಟ್ರಮ್. ಮೇ ತಿಂಗಳಲ್ಲಿ ಚೆಂಡಿನ ಥರ ಬರೋದು ಫುಟ್‌ಬಾಲ್ ಲಿಲ್ಲಿ. ಮಳೆ ಬಂದ ಕೆಲವೇ ದಿನಕ್ಕೆ ಹುಲ್ಲಿನ ನಡುವೆ ಗುಲಾಬಿ, ಬಿಳಿ ಬಣ್ಣದಲ್ಲಿ ಏಳೋದು ಮಳೆ ಲಿಲ್ಲಿ. ಇವು ಯಾವುದೂ ಲಿಲಿಯಮ್ ಅಲ್ಲ. ಬೊಕೆ ಅಂಗಡೀಲಿ ಸಿಗೋ ಏಷಿಯಾಟಿಕ್, ಓರಿಯೆಂಟಲ್, ಎಲ್‌ಎ ಹೈಬ್ರಿಡ್ (ಈಸ್ಟರ್ ಲಿಲ್ಲಿ, ಏಷಿಯಾಟಿಕ್ ಎರಡರ ಮಿಶ್ರ ತಳಿ), ಈಸ್ಟರ್ ಲಿಲ್ಲಿ, ಇವೇ ನಿಜವಾದ ಲಿಲಿಯಮ್. ನಮ್ಮ ಹತ್ತಿರದಲ್ಲೇ ಇನ್ನೊಂದು ಇದೆ, ನೀಲಗಿರಿ ಬೆಟ್ಟದಲ್ಲಿ ತಾನಾಗೇ ಬೆಳೆಯೋ ಬಿಳಿ ನೀಲಗಿರಿ ಲಿಲ್ಲಿ, ಅದೂ ಲಿಲಿಯಮ್ ಜಾತಿದೇ. ಬೆಟ್ಟದ ಮೇಲಿನ ಚಳಿಗೆ ಒಗ್ಗಿದ ಗಿಡ ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗುರುತು ಹಿಡಿಯೋದು ಸುಲಭ. ಮಣ್ಣು ಬೆರಳಲ್ಲಿ ಸರಿಸಿ ಗೆಡ್ಡೆ ನೋಡಿ. ಈರುಳ್ಳಿ ಥರ ಪದರ ಪದರವಾಗಿ, ಮೇಲೆ ಕಂದು ಒಣ ಸಿಪ್ಪೆ ಇದ್ರೆ ಅಮರಿಲ್ಲಿಸ್ ಗುಂಪು. ಸಿಪ್ಪೆನೇ ಇಲ್ದೆ, ಬೆಳ್ಳುಳ್ಳಿ ಎಸಳನ್ನ ಚಪ್ಪಟೆ ಮಾಡಿ ಒಂದರ ಮೇಲೊಂದು ಜೋಡಿಸಿದ ಹಾಗೆ ಬಿಡಿಬಿಡಿ ಎಸಳಿದ್ರೆ ಲಿಲಿಯಮ್. ಗೆಡ್ಡೆ ಕಾಣ್ತಿಲ್ಲ ಅಂದ್ರೆ ಎಲೆ ನೋಡಿ: ನೆಲದಿಂದಾನೇ ಬೆಲ್ಟ್ ಥರ ಉದ್ದ ಎಲೆ ಬಂದಿದ್ರೆ ಅಮರಿಲ್ಲಿಸ್, ಒಂದೇ ಕಾಂಡ ನೆಟ್ಟಗೆ ಎದ್ದು ಅದರ ಸುತ್ತ ಎಲೆ ಇದ್ರೆ ಲಿಲಿಯಮ್. ಎರಡಕ್ಕೂ ಮೊಗ್ಗಿನ ಲೆಕ್ಕ ಪೂರ್ತಿ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಮಾಡಿದ್ರೆ ಇನ್ನೊಂದು ವರ್ಷ ಹೋಗುತ್ತೆ.

ಲಿಲಿಯಮ್‌ನ ದಿನದ ಲೆಕ್ಕ

ಚಳಿ ಸರಿಯಾಗಿ ಸಿಕ್ಕಿರೋ ಏಷಿಯಾಟಿಕ್ ಗೆಡ್ಡೆ ನೆಟ್ಟ ದಿನದಿಂದ ಹೂವಿಗೆ ಸುಮಾರು 60ರಿಂದ 90 ದಿನ ತಗೊಳ್ಳುತ್ತೆ. ಓರಿಯೆಂಟಲ್‌ಗೆ 90ರಿಂದ 120, ಕೆಲವು ತಳಿಗೆ ಅದಕ್ಕೂ ಜಾಸ್ತಿ. ಎಲ್‌ಎ ಹೈಬ್ರಿಡ್ ಇವೆರಡರ ಮಧ್ಯೆ ಎಲ್ಲೋ ಬರುತ್ತೆ. ಸೆಖೆ ಜಾಸ್ತಿ ಇದ್ದಷ್ಟೂ ದಿನ ಕಮ್ಮಿ, ಆದ್ರೆ ಅದು ಖುಷಿಪಡೋ ವಿಷಯ ಅಲ್ಲ, ಕಾರಣ ಆಮೇಲೆ ಹೇಳ್ತೀನಿ.

ಎಷ್ಟು ಎಲೆ, ಎಷ್ಟು ಮೊಗ್ಗು ಅನ್ನೋ ತೀರ್ಮಾನ ಮೊಳಕೆ ಮಣ್ಣಿಂದ ಹೊರಗೆ ಬರೋ ಆಸುಪಾಸಲ್ಲಿ, ಕಾಂಡ ಕೆಲವೇ ಇಂಚು ಇರೋವಾಗಲೇ ಆಗಿಹೋಗುತ್ತೆ. ಕಾಂಡದ ತುದೀಲಿರೋ ಬೆಳವಣಿಗೆ ಬಿಂದು ಅಲ್ಲೀವರೆಗೆ ಎಲೆ ಮಾಡ್ತಾ ಇರುತ್ತೆ, ಒಂದು ದಿನ ಎಲೆ ನಿಲ್ಲಿಸಿ ಮೊಗ್ಗು ಮಾಡೋಕೆ ಶುರು ಮಾಡುತ್ತೆ. ಆಮೇಲೆ ನಾವು ಹೊರಗಿಂದ ನೋಡೋದು ಆಗಲೇ ರೆಡಿಯಾಗಿರೋ ಎಲೆಗಳು ಒಂದೊಂದಾಗಿ ಬಿಚ್ಕೊಳ್ಳೋದನ್ನ ಅಷ್ಟೇ. ಎಲ್ಲ ಎಲೆ ಬಿಚ್ಚಿ ಮುಗಿದ ಮೇಲೆ ಒಳಗಿದ್ದ ಮೊಗ್ಗಿನ ಗೊಂಚಲು ಕಾಣಿಸುತ್ತೆ.

ಇದನ್ನ ನಾನು ಕಣ್ಣಾರೆ ನೋಡಿದ್ದು ಒಂದು ಗಿಡ ಬಲಿ ಕೊಟ್ಟು. ನಾಯಿ ಓಡಾಡಿ ಕಾಂಡ ಬಗ್ಗಿಹೋಗಿದ್ದ ಆರಿಂಚಿನ ಗಿಡ ಅದು, ಹೆಂಗೂ ಉಳಿಯಲ್ಲ ಅಂತ ತುದಿ ಕತ್ತರಿಸಿ ಡೈನಿಂಗ್ ಟೇಬಲ್ ಮೇಲೆ ಬಿಳಿ ಪೇಪರ್ ಹಾಸಿ ಕೂತೆ. ಹೊಲಿಗೆ ಸೂಜಿಯಲ್ಲಿ ಒಂದೊಂದೇ ಎಲೆ ಬಿಡಿಸ್ತಾ ಹೋದ್ರೆ, ಹೊರಗಿಂದು ಹಸಿರು, ಒಳಗೆ ಹೋದ ಹಾಗೆ ತಿಳಿ ಹಳದಿ, ಇನ್ನೂ ಒಳಗೆ ಅಕ್ಕಿ ಕಾಳಿನ ಮುರಿದ ತುದಿಯಷ್ಟು ಚಿಕ್ಕ ಎಲೆಗಳು. ಕೊನೇಲಿ ಅಪ್ಪ ಪೇಪರ್ ಓದೋ ಭೂತಗನ್ನಡಿ ಹಿಡಿದು ನೋಡಿದ್ರೆ ಸಾಸಿವೆಗಿಂತ ಚಿಕ್ಕ ನಾಲ್ಕು ಉಬ್ಬು, ನೀರ್ನೀರಾಗಿ ಹೊಳೀತಾ ಕೂತಿದ್ವು. ಅಮ್ಮ ಬಂದು ನೋಡಿ "ಅಯ್ಯೋ ಇಷ್ಟು ಎಳೇದ್ರಲ್ಲೇ ಬಂದ್ಬಿಟ್ಟಿದೆಯಾ" ಅಂದ್ರು. ಹೊರಗಿಂದ ಆ ಗಿಡದಲ್ಲಿ ಮೊಗ್ಗಿನ ಸುಳಿವೇ ಇರ್ಲಿಲ್ಲ, ಕಾಣೋಕೆ ಇನ್ನೂ ಎರಡು ಮೂರು ವಾರ ಬೇಕಿತ್ತು.

ಇದೇ ಕೆಲಸವನ್ನ ಅಮೆರಿಕದಲ್ಲಿ ಈಸ್ಟರ್ ಲಿಲ್ಲಿ ಬೆಳೆಯೋರು ಪ್ರತಿ ವರ್ಷ ಮಾಡ್ತಾರೆ. ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದ್ರೂ ಬರಬಹುದು, ಹಬ್ಬ ಕಳೆದ ಮೇಲೆ ಹೂ ಬಿಟ್ರೆ ಮಾಲು ವೇಸ್ಟ್. ಅದಕ್ಕೆ ಕೆಲವು ಗಿಡ ಬಿಡಿಸಿ ಬಿಚ್ಚಿರೋ ಎಲೆ ಎಷ್ಟು, ಒಳಗೆ ಬಾಕಿ ಎಷ್ಟು ಅಂತ ಎಣಿಸ್ತಾರೆ. ಒಳಗೆ 40 ಎಲೆ ಬಾಕಿ ಇದೆ, ದಿನಕ್ಕೆ ಎರಡು ಬಿಚ್ಚುತ್ತಿದೆ ಅಂದ್ರೆ ಮೊಗ್ಗು ಕಾಣೋಕೆ 20 ದಿನ, ಅಲ್ಲಿಂದ ಹೂ ಅರಳೋಕೆ ಹೆಚ್ಚುಕಡಿಮೆ 30ರಿಂದ 40 ದಿನ. ತಡ ಆಗ್ತಿದ್ರೆ ಗ್ರೀನ್‌ಹೌಸ್ ಬಿಸಿ ಏರಿಸ್ತಾರೆ, ಬೇಗ ಆದ್ರೆ ಇಳಿಸ್ತಾರೆ. ನಾವು ಬಿಸಿ ಏರಿಸೋದು ಇಳಿಸೋದು ಮಾಡೋಕೆ ಆಗಲ್ಲ, ಆದ್ರೆ ಎಲೆ ಬಿಚ್ಚೋ ಸ್ಪೀಡ್ ಎಣಿಸೋದಕ್ಕೆ ಏನೂ ಖರ್ಚಿಲ್ಲ. ಒಂದು ಎಲೆಗೆ ದಾರ ಕಟ್ಟಿ ಒಂದು ವಾರ ಬಿಟ್ಟು ಅದರ ಮೇಲೆ ಎಷ್ಟು ಬಿಚ್ಚಿದೆ ನೋಡಿ, ಸಾಕು.

ದೋಷ: ಗಿಡ ಚೆನ್ನಾಗಿದೆ, ಮೊಗ್ಗೇ ಇಲ್ಲ

ಇಲ್ಲಿ ಆತುರ ಬೇಡ, ಮೊದಲು ನೆಟ್ಟ ದಿನದಿಂದ ಎಣಿಸಿ. ಓರಿಯೆಂಟಲ್ ನೆಟ್ಟು 50 ದಿನಕ್ಕೆ ಮೊಗ್ಗಿಲ್ಲ ಅಂತ ಕಂಗಾಲಾಗೋರು ತುಂಬಾ ಜನ, ಅದಕ್ಕೆ ಇನ್ನೂ ಟೈಮಿದೆ. ಏಷಿಯಾಟಿಕ್ 60 ದಿನ ದಾಟಿ, ಎಲೆಯೆಲ್ಲ ಬಿಚ್ಚಿ ಮುಗಿದು, ತುದಿ ಖಾಲಿ ಇದ್ರೆ ಆಗ ದೋಷ ಅಂತ ಲೆಕ್ಕ.

ಈಗ ತುದಿಯನ್ನ ಭೂತಗನ್ನಡೀಲಿ ಅಥವಾ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಸಣ್ಣ ಕಂದು ಒಣಗಿದ ಚುಕ್ಕೆ, ಗಂಟು ಏನಾದ್ರೂ ಇದ್ಯಾ? ಇದ್ರೆ ಮೊಗ್ಗು ಹುಟ್ಟಿತ್ತು, ತುಂಬಾ ಎಳೇದ್ರಲ್ಲೇ ಒಣಗಿ ಸತ್ತಿದೆ, ಅಂದ್ರೆ ಗೆಡ್ಡೆ ತಪ್ಪಲ್ಲ, ನೆಟ್ಟ ಮೇಲಿನ ಸೆಖೆ, ಬೆಳಕು, ನೀರು ಇವುಗಳ ತಪ್ಪು. ಏನೂ ಇಲ್ದೆ ಬರೀ ಎಲೆ ಇದ್ರೆ ಮೊಗ್ಗು ಹುಟ್ಟೇ ಇಲ್ಲ, ತಪ್ಪು ನೆಡೋದಕ್ಕಿಂತ ಮುಂಚೆನೇ ಆಗಿದೆ. ಈ ಒಂದು ವ್ಯತ್ಯಾಸ ಗೊತ್ತಾಗಿದ್ರೆ ಮೊದಲ ವರ್ಷ ನನ್ನ ಅರ್ಧ ಒದ್ದಾಟ ತಪ್ತಿತ್ತು.

ಹುಟ್ಟೇ ಇಲ್ಲ ಅಂದ್ರೆ ಕಾಂಡದ ದಪ್ಪ ನೋಡಿ. ಪೆನ್ಸಿಲ್‌ಗಿಂತ ಸಣ್ಣ ಕಾಂಡ, ಕಮ್ಮಿ ಎಲೆ ಇದ್ರೆ ಗೆಡ್ಡೆ ಚಿಕ್ಕದು. ಲಿಲ್ಲಿ ಗೆಡ್ಡೆ ಮಾರೋದು ಸುತ್ತಳತೆ ಲೆಕ್ಕದಲ್ಲಿ, 12/14, 14/16, 16/18 ಅಂತ ಬರೆದಿರ್ತಾರಲ್ಲ, ಅದು ಸೆಂಟಿಮೀಟರ್. ದೊಡ್ಡ ಗೆಡ್ಡೆಗೆ ಜಾಸ್ತಿ ಮೊಗ್ಗು. ಓರಿಯೆಂಟಲ್ ಆದ್ರೆ 16/18 ತಗೊಳ್ಳಿ, ಏಷಿಯಾಟಿಕ್ 12/14 ಇದ್ರೂ ನಡಿಯುತ್ತೆ. ಬಂದ ತಕ್ಷಣ ಹೊಲಿಗೆ ದಾರ ಸುತ್ತಿ ಸ್ಕೇಲ್ ಮೇಲೆ ಇಟ್ಟು ಅಳೀರಿ, ಗಿಡ ಬೆಳೆದ ಮೇಲೆ ಹಳೇ ಎಸಳು ಕರಗಿ ಹೊಸ ಗೆಡ್ಡೆ ಕಟ್ಟಿರುತ್ತೆ, ಆಗ ಅಳೆದು ಪ್ರಯೋಜನ ಇಲ್ಲ.

ಕಾಂಡ ದಪ್ಪಗಿದೆ, ಮೊಳಕೆ ತಡವಾಗಿ ಒಂದೊಂದು ಒಂದೊಂದು ದಿನ ಬಂತು, ಎಲೆ ಮಾತ್ರ ಬರ್ತಾನೇ ಇದೆ ಅಂದ್ರೆ ಚಳಿ ಸಾಲದು. ನಮ್ಮೂರಲ್ಲಿ ಇದೇ ದೊಡ್ಡ ಕಾರಣ. ಲಿಲಿಯಮ್ ಗೆಡ್ಡೆನ 2ರಿಂದ 5 ಡಿಗ್ರಿ ತಂಪಲ್ಲಿ, ತೇವ ಇರೋ ಪೀಟ್ (ಕೊಳೆತ ಪಾಚಿಯ ಹಗುರ ಪುಡಿ) ಒಳಗೆ ಆರರಿಂದ ಹತ್ತು ವಾರ ಇಡಬೇಕು. ಈಸ್ಟರ್ ಲಿಲ್ಲಿಗೆ ಸಾವಿರ ಗಂಟೆ ಅಂತಾನೇ ಲೆಕ್ಕ ಇದೆ, ಅಂದ್ರೆ ಆರು ವಾರ. ಹಾಲೆಂಡ್‌ನಿಂದ ಬರೋ ಗೆಡ್ಡೆ ಇಷ್ಟು ಮುಗಿಸಿ ಆಮೇಲೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಫ್ರೀಜ್ ಆಗಿ ತಿಂಗಳುಗಟ್ಟಲೆ ಇರುತ್ತೆ, ಅದಕ್ಕೇ ವರ್ಷಪೂರ್ತಿ ಮಾರ್ಕೆಟ್ಟಲ್ಲಿ ಸಿಗೋದು. ಆದ್ರೆ ನಮ್ಮ ಕೈಗೆ ಬರೋಕೆ ಮುಂಚೆ ಎಲ್ಲೋ ಗೋಡೌನಲ್ಲಿ ಒಂದು ತಿಂಗಳು 30 ಡಿಗ್ರೀಲಿ ಬಿದ್ದಿದ್ರೆ ಗೆಡ್ಡೆ ಸೊರಗುತ್ತೆ, ಸಿಕ್ಕಿದ್ದ ಚಳಿಯ ಪರಿಣಾಮಾನೂ ಕಮ್ಮಿ ಆಗಬಹುದು, ಈಸ್ಟರ್ ಲಿಲ್ಲೀಲಿ ಇದು ಚೆನ್ನಾಗಿ ಗೊತ್ತಿರೋ ಸಂಗತಿ. ನನಗೆ ಬಂದ ಪಾರ್ಸೆಲ್‌ನಲ್ಲಿ ಗೆಡ್ಡೆ ಎಸಳು ಮೆತ್ತಗೆ ಸುಕ್ಕಾಗಿತ್ತು, ಬೇರು ಒಣಗಿ ನೂಲಾಗಿತ್ತು, ಅದನ್ನ ನೋಡಿನೂ ಸುಮ್ಮನೆ ನೆಟ್ಟೆ. ಈಗ ಹಾಗೆ ಬಂದ್ರೆ ಫೋಟೋ ತೆಗೆದು ವಾಪಸ್ ಕಳಿಸ್ತೀನಿ.

ಎರಡನೇ ವರ್ಷದ ಕಥೆ ಇದಕ್ಕಿಂತ ನೇರ. ಮೊದಲ ವರ್ಷ ಹೂ ಬಿಟ್ಟ ಗೆಡ್ಡೆನ ಪಾಟಲ್ಲೇ ಬಿಟ್ರೆ ಮುಂದಿನ ವರ್ಷ ಬೆಂಗಳೂರಲ್ಲಿ ಅದಕ್ಕೆ ಚಳಿ ಎಲ್ಲಿಂದ ಬರುತ್ತೆ? ಈ ಊರಲ್ಲಿ ದಾಖಲಾಗಿರೋ ಅತಿ ಕಮ್ಮಿ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ಆ ಒಂದು ರಾತ್ರಿನೂ ಲಿಲ್ಲಿ ಕೇಳೋ 5 ಡಿಗ್ರಿ ಮುಟ್ಟಿಲ್ಲ, ಮಾಮೂಲಿ ಜನವರೀಲಿ ರಾತ್ರಿ 15ರ ಆಸುಪಾಸು. ಹಾಗಾಗಿ ಫ್ರಿಜ್ ಬಿಟ್ರೆ ದಾರಿ ಇಲ್ಲ. ಕಾಂಡ ಪೂರ್ತಿ ಹಳದಿಯಾಗೋವರೆಗೆ ಬಿಟ್ಟು, ಬೇರು ಕತ್ತರಿಸ್ದೆ ಕಿತ್ತು, ಹಿಂಡಿದ್ರೆ ನೀರು ಬರದಷ್ಟು ತೇವ ಇರೋ ಕೋಕೋಪೀಟ್ ಜೊತೆ ತೂತು ಮಾಡಿದ ಕವರಲ್ಲಿ ಹಾಕಿ ತರಕಾರಿ ಟ್ರೇನಲ್ಲಿ ಎಂಟು ವಾರ. ಥರ್ಮಾಮೀಟರ್ ಇಟ್ಟು ನೋಡಿ, ನಮ್ಮ ಫ್ರಿಜ್ಜಲ್ಲಿ ಟ್ರೇ ಮುಂದಿನ ಭಾಗ 9 ಡಿಗ್ರಿ, ಹಿಂದಿನ ಗೋಡೆ ಹತ್ರ 4 ತೋರಿಸ್ತು, ಗೆಡ್ಡೆ ಹಿಂದಕ್ಕೆ ತಳ್ದೆ. ಮತ್ತೆ ಅದೇ ಟ್ರೇನಲ್ಲಿ ಸೇಬು, ಮಾಗಿದ ಮಾವಿನಹಣ್ಣು, ಬಾಳೆಹಣ್ಣು ಇಡಲೇಬೇಡಿ. ಹಣ್ಣು ಬಿಡೋ ಎಥಿಲೀನ್ ಗ್ಯಾಸ್ ಗೆಡ್ಡೆ ಒಳಗಿನ ಮೊಗ್ಗನ್ನ ಹುಟ್ಟೋಕೆ ಮುಂಚೆನೇ ಹಾಳು ಮಾಡುತ್ತೆ. ಮನೇಲಿ ಎಲ್ಲರಿಗೂ ಹೇಳಿ ಟ್ರೇ ಮೇಲೆ ಚೀಟಿ ಅಂಟಿಸ್ಬಿಡಿ.

ಈಸ್ಟರ್ ಲಿಲ್ಲಿ ಇದ್ದೋರಿಗೆ ಒಂದು ಹೆಚ್ಚಿನ ದಾರಿ ಇದೆ. ಚಳಿ ಸಾಲದೇ ಇದ್ರೆ ಮೊಳಕೆ ಮೇಲೆ ಬಂದ ತಕ್ಷಣದಿಂದ ರಾತ್ರಿ 10ರಿಂದ 2ರವರೆಗೆ ಬಲ್ಬ್ ಹಾಕಿದ್ರೆ, ಒಂದು ರಾತ್ರಿ ಬೆಳಕು ಒಂದು ದಿನದ ಚಳಿಗೆ ಸಮ ಅಂತ ಬೆಳೆಗಾರರು ಲೆಕ್ಕ ಹಾಕ್ತಾರೆ.

ದೋಷ: ಮೊಗ್ಗು ಬಂತು, ನಿಲ್ಲಲಿಲ್ಲ

ಬಿದ್ದ ಮೊಗ್ಗನ್ನ ಎಸೀಬೇಡಿ, ಕೈಯಲ್ಲಿ ಹಿಡಿದು ನೋಡಿ, ಅದೇ ಸಾಕ್ಷಿ. ಒಂದೆರಡು ಸೆಂಟಿಮೀಟರ್ ಇದೆ, ಬಣ್ಣ ಬೆಳ್ಳಗೆ ಹಳದಿಯಾಗಿದೆ, ತೊಟ್ಟಿನ ಹತ್ರ ಬ್ಲೇಡಲ್ಲಿ ಕತ್ತರಿಸಿದ ಹಾಗೆ ನೀಟಾಗಿ ಕಳಚಿದೆ ಅಂದ್ರೆ ಬೆಳಕಿನ ಕೊರತೆ. ಏಷಿಯಾಟಿಕ್‌ಗೆ ಇದು ತುಂಬಾ ಬೇಗ ಆಗುತ್ತೆ, ಬೆಳಕು ಕಮ್ಮಿಯಾದ್ರೆ ಗಿಡ ಇರೋ ಆಹಾರನ ಮೊಗ್ಗಿಗೆ ಕೊಡಲ್ಲ, ಮೊಗ್ಗಲ್ಲೇ ಎಥಿಲೀನ್ ಹುಟ್ಟಿ ಉದುರಿಸ್ಬಿಡುತ್ತೆ. ಬಿದ್ದ ದಿನದಿಂದ ಒಂದೆರಡು ವಾರ ಹಿಂದಕ್ಕೆ ಹೋಗಿ, ಅಲ್ಲೇನಾಗಿತ್ತು ನೋಡಿ. ನನ್ನ ನಾಲ್ಕು ಗಿಡದ ವಿಷಯ ಹಾಗೇ ಸಿಕ್ತು: ಡಿಸೆಂಬರಲ್ಲಿ ಬಂಗಾಳ ಕೊಲ್ಲಿ ಕಡೆಯಿಂದ ಮೋಡ ಮುಚ್ಕೊಂಡು ಐದಾರು ದಿನ ಬಿಸಿಲೇ ಇರ್ಲಿಲ್ಲ, ಮಳೆ ಹೊಡೆತಕ್ಕೆ ಮೊಗ್ಗು ಹಾಳಾಗುತ್ತೆ ಅಂತ ನಾನೇ ಪಾಟ್‌ಗಳನ್ನ ಒಳಗಿನ ಪ್ಯಾಸೇಜಿಗೆ ತಂದಿಟ್ಟಿದ್ದೆ. ಮಳೇಲಿ ಬಿಟ್ಟಿದ್ರೆ ಉಳೀತಿತ್ತೇನೋ. ಹೊರಗೇ ಉಳಿದಿದ್ದ ನಾಲ್ಕೇ ಹೂವಾಗಿದ್ದು.

ಮೊಗ್ಗು ಗಿಡದಲ್ಲೇ ಕಂದಾಗಿ ಒಣಗಿ ಅಂಟ್ಕೊಂಡಿದ್ರೆ ಬೇರೆ ಕಥೆ, ಅದು ಸೆಖೆ ಇಲ್ಲಾ ನೀರಿನ ಏರುಪೇರು. ಬಣ್ಣ ಬರೋ ಹೊತ್ತಿಗೆ ಗೀಟು ಗೀಟಾಗಿ, ತಿರುಚ್ಕೊಂಡಿದ್ರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಬಿಳಿ ಪೇಪರ್ ಮೇಲೆ ಮೊಗ್ಗು ತಟ್ಟಿದ್ರೆ ಎಳ್ಳಿಗಿಂತ ಸಣ್ಣಗೆ ಓಡಾಡೋದು ಕಾಣುತ್ತೆ, ಬೇವಿನೆಣ್ಣೆ ಸಂಜೆ ಹೊತ್ತು ಸ್ಪ್ರೇ ಮಾಡಿ. ಬೂದು ಬಣ್ಣದ ಬೂಷ್ಟು ಇದ್ರೆ ಗಾಳಿ ಆಡ್ತಿಲ್ಲ, ಎಲೆ ಮೇಲೆ ನೀರು ಹಾಕ್ತಿದ್ದೀರ.

ಓರಿಯೆಂಟಲ್‌ಗಳಲ್ಲಿ, ಅದ್ರಲ್ಲೂ ಸ್ಟಾರ್‌ಗೇಜರ್ ಅನ್ನೋ ತಳೀಲಿ, ಮೊಗ್ಗು ಕಾಣೋಕೆ ಸ್ವಲ್ಪ ಮುಂಚೆ ಮೇಲಿನ ಎಳೆ ಎಲೆಗಳು ಸುಟ್ಟ ಹಾಗೆ ಕಂದಾಗಿ ಸುರುಳಿ ಸುತ್ಕೊಳ್ಳುತ್ತೆ. ರೋಗ ಅಂತ ಔಷಧಿ ಹೊಡೀಬೇಡಿ, ಅದು ಎಳೆ ಎಲೆಗೆ ಕ್ಯಾಲ್ಸಿಯಂ ತಲುಪದೇ ಇರೋದು. ಎಲೆಗಳು ಒತ್ತಾಗಿ ಸುತ್ಕೊಂಡಿರೋ ಹಂತದಲ್ಲಿ ಅವು ನೀರು ಆವಿ ಮಾಡಲ್ಲ, ನೀರಿನ ಜೊತೆ ಬರಬೇಕಾದ ಕ್ಯಾಲ್ಸಿಯಂ ಅಲ್ಲೀವರೆಗೆ ಹೋಗಲ್ಲ. ಸುತ್ತಿದ ಎಲೆಗಳನ್ನ ಬೆರಳಲ್ಲಿ ಮೆಲ್ಲಗೆ ಬಿಡಿಸಿ ಗಾಳಿ ಆಡೋ ಹಾಗೆ ಮಾಡಿ.

ದೋಷ: ಗಿಡ ಗಿಡ್ಡ, ಒಂದೇ ಒಂದು ಮೊಗ್ಗು, ಅದೂ ಬೇಗ

ಫೆಬ್ರವರಿ ಮಾರ್ಚಲ್ಲಿ ನೆಟ್ಟೋರಿಗೆ ಇದು ಗ್ಯಾರಂಟಿ. ಲಿಲಿಯಮ್‌ಗೆ ಎರಡು ಥರ ಬೇರು, ಗೆಡ್ಡೆ ಕೆಳಗಿಂದು ಮೊದಲ ಕೆಲವು ವಾರಕ್ಕೆ, ಆಮೇಲೆ ಗೆಡ್ಡೆ ಮೇಲೆ ಮಣ್ಣೊಳಗಿರೋ ಕಾಂಡದಿಂದ ಹೊಸ ಬೇರು ಬರುತ್ತೆ, ಮೊಗ್ಗನ್ನ ದೊಡ್ಡದು ಮಾಡೋದು ಆ ಕಾಂಡದ ಬೇರುಗಳೇ. ಅವು ಚೆನ್ನಾಗಿ ಬರೋಕೆ ಮೊದಲ ಮೂರು ವಾರ ಮಣ್ಣು 12-13 ಡಿಗ್ರಿ ಇರಬೇಕು ಅಂತ ಬೆಳೆಗಾರರು ಹೇಳ್ತಾರೆ. ನಮಗೆ ಅಷ್ಟು ಸಿಗಲ್ಲ, ಎಷ್ಟು ಹತ್ರ ಹೋಗ್ತೀವೋ ಅಷ್ಟು ಒಳ್ಳೇದು. ಮಣ್ಣು ಬಿಸಿ ಇದ್ರೆ ಕಾಂಡ ಓಡುತ್ತೆ, ಬೇರು ಹಿಂದೆ ಬೀಳುತ್ತೆ, ಗಿಡ ಒಂದಡಿಗೇ ಮೊಗ್ಗು ಬಿಟ್ಟು ಮುಗಿಸುತ್ತೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದೊಳಗೆ ನೆಡಿ, ಗೆಡ್ಡೆ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣು ಬರಲಿ, ಆಳದ ಮಣ್ಣಿನ ಕುಂಡ ಇರಲಿ, ಕಪ್ಪು ಪ್ಲಾಸ್ಟಿಕ್ ಪಾಟ್ ಬೇಡ, ಮೊಳಕೆ ಕಾಣೋವರೆಗೆ ನೆರಳಲ್ಲಿಟ್ಟು ಮೇಲೆ ಒಣ ಎಲೆ ಮುಚ್ಚಿ. ಮೊಳಕೆ ಕಂಡ ದಿನವೇ ಬಿಸಿಲಿಗೆ ತನ್ನಿ.

ಅಮರಿಲ್ಲಿಸ್ ಆದ್ರೆ ಒಂದು ವರ್ಷ ಹಿಂದಕ್ಕೆ

ಇದಕ್ಕೆ ಫ್ರಿಜ್ ಬೇಡ. ಇಲ್ಲಿ ಮೊಗ್ಗು ಹುಟ್ಟೋದು ಗೆಡ್ಡೆ ಒಳಗೆ, ಹೂವಾಗೋಕೆ ಸುಮಾರು ಒಂದು ವರ್ಷ ಮುಂಚೆ, ಪ್ರತಿ ನಾಲ್ಕು ಎಲೆಗೆ ಒಂದು ಹೂದಂಟಿನ ಲೆಕ್ಕದಲ್ಲಿ. ಕೊಳೆತು ಅರ್ಧ ಉಳಿದಿದ್ದ ಒಂದು ಗೆಡ್ಡೆನ ಅಮ್ಮನ ಮನೇಲಿ ಮೇಲಿಂದ ಕೆಳಗೆ ಸೀಳಿ ನೋಡಿದ್ವಿ, ಪದರಗಳ ನಡುವೆ ಒಂದು ಪಕ್ಕಕ್ಕೆ ಚಪ್ಪಟೆಯಾಗಿ ತಿಳಿಹಸಿರು ನಾಲಿಗೆ ಥರ ಮುಂದಿನ ವರ್ಷದ ಹೂದಂಟು ಕೂತಿತ್ತು, ಅದಕ್ಕಿಂತ ಒಳಗೆ ಇನ್ನೊಂದು, ಉಗುರಿನ ತುದಿಯಷ್ಟು.

ಹಾಗಾಗಿ ಈ ಏಪ್ರಿಲಲ್ಲಿ ಹೂ ಬರ್ಲಿಲ್ಲ ಅಂದ್ರೆ ಹೋದ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಎಲೆಗಳಿಗೆ ಏನಾಯ್ತು ಅಂತ ಕೇಳ್ಕೊಳ್ಳಿ. ಅಂಗಳ ಕ್ಲೀನ್ ಮಾಡೋವಾಗ ಎಲೆ ಕೊಯ್ದ್ರಾ? ಮರ ಬೆಳೆದು ನೆರಳಾಯ್ತಾ? ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಕೆಂಪು ಪಟ್ಟೆ ಇರೋ ಹುಳ ಒಂದೇ ರಾತ್ರೀಲಿ ಎಲೆ ಮುಗಿಸ್ತಾ? ಅಮ್ಮನ ಮನೇಲಿ ಹಾಗೇ ಆಗಿದ್ದು, ಎಲೆ ಎರಡೇ ಉಳಿದಿದ್ದ ಗೆಡ್ಡೆಗಳೆಲ್ಲ ಮುಂದಿನ ಬೇಸಿಗೇಲಿ ಖಾಲಿ. ಮಳೆಗಾಲದಲ್ಲಿ ಒಂದು ಗೆಡ್ಡೆಗೆ ನಾಲ್ಕಕ್ಕಿಂತ ಜಾಸ್ತಿ ಒಳ್ಳೇ ಎಲೆ ಉಳಿಸ್ಕೊಳ್ಳಿ, ಡಿಸೆಂಬರ್‌ನಿಂದ ಫೆಬ್ರವರಿ ನೀರು ನಿಲ್ಲಿಸಿ, ಗೆಡ್ಡೆ ಕತ್ತು ಮಣ್ಣಿಂದ ಮೇಲಿರಲಿ.

ಈಗ ನನ್ನ ಪ್ರತಿ ಕುಂಡಕ್ಕೂ ಐಸ್‌ಕ್ರೀಮ್ ಕಡ್ಡಿ ಚುಚ್ಚಿರ್ತೀನಿ, ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ನಾಲ್ಕು ತಾರೀಖು: ನೆಟ್ಟಿದ್ದು, ಮೊಳಕೆ, ಮೊಗ್ಗು ಕಂಡಿದ್ದು, ಅರಳಿದ್ದು. ಹೋದ ಸಲ ಏಷಿಯಾಟಿಕ್ ಕಡ್ಡಿ ಮೇಲಿದ್ದಿದ್ದು ನವೆಂಬರ್ 24, ಡಿಸೆಂಬರ್ 6, ಜನವರಿ 3, ಜನವರಿ 30. ಒಟ್ಟು 67 ದಿನ, ಐದು ಮೊಗ್ಗು, ಐದೂ ಅರಳ್ತು. ಫ್ರಿಜ್ಜಲ್ಲಿ ಎಂಟು ವಾರ ಇದ್ದ ಹಳೇ ಗೆಡ್ಡೆ ಎರಡರಲ್ಲಿ ಒಂದಕ್ಕೆ ಎರಡು ಮೊಗ್ಗು ಬಂತು, ಇನ್ನೊಂದರ ಕಡ್ಡಿ ಮೇಲೆ ಎರಡೇ ತಾರೀಖು ಇದೆ. ಅದರ ಕಾಂಡ ಸಣ್ಣಗಿತ್ತು, ತುದೀಲಿ ಕಂದು ಚುಕ್ಕೆ ಇರ್ಲಿಲ್ಲ. ಕಿತ್ತು ದಾರ ಸುತ್ತಿದ್ರೆ ಹೊಸ ಗೆಡ್ಡೆ 11 ಸೆಂಟಿಮೀಟರ್ ಬಂತು, ಈ ವರ್ಷ ಅದನ್ನ ದೊಡ್ಡ ಕುಂಡಕ್ಕೆ ಹಾಕ್ತೀನಿ.